ಬೀರುವಿನಲ್ಲಿ ಬೂಸ್ಟು ಹಿಡಿದ ಮದುವೆಗಳು

ಶಿವಮೊಗ್ಗ: 1985ರಿಂದ 2000ದವರೆಗೆ ಜಿಲ್ಲೆಯಲ್ಲಿ ನಡೆದ ಎಷ್ಟೋ ಮದುವೆಗಳು ಈಗ ಬೀರುವಿನ ಮೇಲಿನ ಅರೆಯಲ್ಲಿ, ಹಳೇ ರೇಷ್ಮೆ ಸೀರೆಯ ಪಕ್ಕ, ಕಪ್ಪು ಕ್ಯಾಸೆಟ್ಟಿನೊಳಗೆ ಬೂಸ್ಟು ಹಿಡಿಯುತ್ತಾ ಕೂತಿವೆ. ಅಂದಿನ ಮದುಮಕ್ಕಳು ಅಜ್ಜ-ಅಜ್ಜಿ ಆಗಿದ್ದಾರೆ. ಧಾರೆ ಎರೆದುಕೊಟ್ಟ ಹಿರಿಯರು ಹೋಗಿಬಿಟ್ಟಿದ್ದಾರೆ. ಅವರ ನಡಿಗೆ, ನಗು, ದನಿ ಉಳಿದಿರೋದು ಆ ಕ್ಯಾಸೆಟ್ಟಿನಲ್ಲಿ ಮಾತ್ರ. ಹಾಕಿ ನೋಡೋಣ ಅಂದ್ರೆ ಮನೇಲಿ ಮಷಿನ್ನೇ ಇಲ್ಲ!

1982ರ ದೆಹಲಿ ಏಷ್ಯನ್ ಕ್ರೀಡಾಕೂಟದ ಹೊತ್ತಿಗೆ ದೇಶಕ್ಕೆ ಬಣ್ಣದ ಟೀವಿ ಬಂತು. ಅದರ ಬೆನ್ನಿಗೇ ವಿಸಿಆರ್ ಊರೂರಿಗೆ ನುಗ್ಗಿತು. ಪೇಟೆಯಲ್ಲಿ ವಿಡಿಯೋ ಲೈಬ್ರರಿ, ರಾತ್ರಿ ಬಸ್ಸಿನ ಮೇಲೆ 'ವಿಡಿಯೋ ಕೋಚ್' ಬೋರ್ಡು. ಮದುವೆಮನೆಯಲ್ಲಿ ವಾಲಗದವರಷ್ಟೇ ವಿಡಿಯೋದವನೂ ಮುಖ್ಯನಾದ. ಆಮೇಲೆ ಸೀಡಿ, ಡೀವಿಡಿ, ಮೊಬೈಲು ಬಂದವು. ವಿಸಿಆರ್ ಗುಜರಿ ಸೇರಿತು. ಕೊನೆಯವರೆಗೂ ಈ ಮಷಿನ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲಿ ಬಾಗಿಲು ಹಾಕಿಕೊಂಡಿತು, ಅಂದರೆ ವಿಸಿಆರ್ ತಯಾರಿಕೆಯ ಬಾಗಿಲು. ಇರೋ ಹಳೇ ಮಷಿನ್‌ಗಳ ಹೆಡ್ಡು ಸವೆದರೆ ಬಿಡಿಭಾಗಕ್ಕೂ ತತ್ವಾರ. ಟೇಪು ಉಳಿಸಿಕೊಳ್ಳೋ ಕಾಲ 2025ರ ಸುಮಾರಿಗೆ ಮುಗಿಯುತ್ತದೆ ಎಂದು ಯುನೆಸ್ಕೋ 2019ರಲ್ಲೇ ಎಚ್ಚರಿಸಿತ್ತು. ಆ ವರ್ಷವೂ ಬಂದಾಯ್ತು.

ಕ್ಯಾಸೆಟ್ಟಿನ ಒಳಗಿರೋದು ಅರ್ಧ ಇಂಚು ಅಗಲದ ಪಾಲಿಯೆಸ್ಟರ್ ಪಟ್ಟಿ. ಅದರ ಮೇಲೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಅಂಟಿನಿಂದ ಕೂರಿಸಿರುತ್ತಾರೆ. ಚಿತ್ರ, ಶಬ್ದ ಎರಡೂ ಇರೋದು ಆ ಪುಡಿಯಲ್ಲೇ. ಅಂಟು ತೇವ ಹೀರಿದರೆ ಪುಡಿ ಉದುರುತ್ತದೆ. ಪುಡಿಯ ಜತೆ ಅಜ್ಜನ ಮುಖವೂ ಉದುರುತ್ತದೆ. ತೀರ್ಥಹಳ್ಳಿ, ಹೊಸನಗರದ ಮಳೆಗಾಲ ಕಂಡವರಿಗೆ ತೇವದ ಕಥೆ ಹೇಳಬೇಕಿಲ್ಲ. ಬಿಳಿ ಬೂಸ್ಟು ಕಂಡ ಕ್ಯಾಸೆಟ್ಟನ್ನು ಹಾಗೇ ಮಷಿನ್ನಿಗೆ ತುರುಕಿದರೆ ಟೇಪೂ ಹಾಳು, ಹೆಡ್ಡೂ ಹಾಳು. ಮುಂದಿನ ಗಿರಾಕಿಯ ಕ್ಯಾಸೆಟ್ಟಿಗೂ ಬೂಸ್ಟಿನ ಬಳುವಳಿ!

ಟೇಪನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಸ್ಟುಡಿಯೋಗಳು ಇನ್ನೂ ಅಲ್ಲಲ್ಲಿ ಇವೆ. ಆದರೆ ಗಿರಾಕಿಗೆ ಒಂದು ಲೆಕ್ಕ ಗೊತ್ತಿರಬೇಕು. ಮೂರು ಗಂಟೆಯ ಕ್ಯಾಸೆಟ್ ಇಳಿಸೋಕೆ ಮೂರು ಗಂಟೆಯೇ ಬೇಕು. ಟೇಪು ಪೂರ್ತಿ ಓಡಲೇಬೇಕು, ಅಡ್ಡದಾರಿ ಇಲ್ಲ. 'ಹತ್ತೇ ನಿಮಿಷ ಸಾರ್, ನಿಂತ ಹಾಗೇ ಕೊಡ್ತೀವಿ' ಅಂದ್ರೆ ನಂಬೋ ಹಾಗಿಲ್ಲ.

ಇಷ್ಟಕ್ಕೇ ಮುಗಿಯಿತೇ? ಎಡವಟ್ಟಾಗೋದು ಇದರ ಮುಂದೆ. ಒಂದು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು, ಕ್ಯಾಸೆಟ್ಟನ್ನು ತಿಪ್ಪೆಗೆ ಎಸೆದು ನಿರಾಳ ಆಗುವವರೇ ಜಾಸ್ತಿ. ಹಿಂದೆ ಸೀಡಿ ಮಾಡಿಸಿದವರೂ ಹೀಗೇ ನಿರಾಳ ಆಗಿದ್ದರು. ಈಗ ಸೀಡಿಯಲ್ಲಿ ಗೀರು. ಲ್ಯಾಪ್‌ಟಾಪಿನಲ್ಲಿ ಸೀಡಿ ಹಾಕೋ ಜಾಗವೇ ಇಲ್ಲ. ಪೆನ್‌ಡ್ರೈವ್ ಇರೋದು ಸಾಗಿಸೋಕೆ, ಕಾಪಾಡೋಕಲ್ಲ.

ಯಾವ ಅಂಗಡಿಯವನೂ ಇಡೀ ಬಂಡವಾಳವನ್ನು ಒಂದೇ ಗಲ್ಲಾಪೆಟ್ಟಿಗೆಯಲ್ಲಿಟ್ಟು ನಿದ್ದೆ ಮಾಡೋದಿಲ್ಲ. ಇದಕ್ಕೂ ಅದೇ ನ್ಯಾಯ. ಬಲ್ಲವರು ಹೇಳೋ ಸೂತ್ರ ಸುಲಭ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಊರಲ್ಲಿ. ಒಂದು ಕಂಪ್ಯೂಟರಿನಲ್ಲಿ, ಇನ್ನೊಂದು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಬೆಂಗಳೂರಿನ ಮಗಳ ಮನೆಯಲ್ಲೋ ಇಂಟರ್ನೆಟ್ಟಿನ ಖಾತೆಯಲ್ಲೋ ಇರಲಿ. ವರ್ಷಕ್ಕೊಮ್ಮೆ ತೆರೆದು ನೋಡಬೇಕು, ಡಿಸ್ಕು ಹಳತಾದರೆ ಹೊಸದಕ್ಕೆ ದಾಟಿಸಬೇಕು. ಮೂಲ ಕ್ಯಾಸೆಟ್ಟನ್ನು ಎಸೆಯದೆ, ಒಣ ಜಾಗದಲ್ಲಿ ಪುಸ್ತಕದ ಹಾಗೆ ನಿಲ್ಲಿಸಿಡಬೇಕು.

ಎಲ್ಲಾ ಕ್ಯಾಸೆಟ್ಟಿಗೂ ದುಡ್ಡು ಸುರಿಯಬೇಕಿಲ್ಲ. ಸಿನಿಮಾದ್ದು ಎಲ್ಲಾದರೂ ಸಿಕ್ಕೀತು. ಮನೆಯ ಮದುವೆ, ನಾಮಕರಣ, ಊರ ಜಾತ್ರೆ, ಶಾಲೆಯ ನಾಟಕದ್ದು ಮೊದಲು ಆಗಲಿ. ಅವುಗಳಿಗೆ ಎರಡನೇ ಪ್ರತಿ ಎಲ್ಲೂ ಇಲ್ಲ.

ಹಬ್ಬಕ್ಕೆ ಬೀರು ಗುಡಿಸೋವಾಗ ಗುಜರಿಯವನನ್ನು ಕೂಗೋ ಮುಂಚೆ ಕ್ಯಾಸೆಟ್ಟಿನ ಮೇಲಿನ ಚೀಟಿ ಒಮ್ಮೆ ಓದುವುದು ಒಳ್ಳೆಯದು. ಅದರೊಳಗಿನ ದನಿಯವರು ಮತ್ತೆ ಬಂದು ಮಾತಾಡೋದಿಲ್ಲ.