ಅಂಕಿತ ನೋಡುವ ಪಾಠ
ಬಸವಕಲ್ಯಾಣದಲ್ಲಿ ಪ್ರವಚನ ಕಲಿಯುವ ಸಾಧಕನಿಗೆ ಕಂಪ್ಯೂಟರ್ ಯಾಕೆ ಎನ್ನುವವರು, ವಚನದ ಹೆಸರಿನಲ್ಲಿ ವಾಟ್ಸಾಪ್‌ನಲ್ಲಿ ಓಡಾಡುವುದನ್ನು ಒಮ್ಮೆ ನೋಡಬೇಕು. ಯಾರದೋ ಸಾಲಿನ ಕೊನೆಗೆ ಬಸವಣ್ಣನ ಅಂಕಿತ ‘ಕೂಡಲಸಂಗಮದೇವ’ ಅಂಟಿಸಿದರೆ ಸಾಕು, ಅದು ಅವನದೇ ವಚನವಾಗಿಬಿಡುತ್ತದೆ. ಆ ಅಂಕಿತವನ್ನೇ ಬದಲಿಸಿ ಅಚ್ಚಾದ ‘ವಚನ ದೀಪ್ತಿ’ ಪುಸ್ತಕವನ್ನು ಸರಕಾರ ಮುಟ್ಟುಗೋಲು ಹಾಕಿದ್ದು 1998ರಲ್ಲಿ, ಸುಪ್ರೀಂ ಕೋರ್ಟ್ ಆ ಕ್ರಮವನ್ನು ಎತ್ತಿಹಿಡಿದದ್ದು 2017ರಲ್ಲಿ; ಫಾರ್ವರ್ಡ್ ಸಂದೇಶಕ್ಕೆ ಯಾವ ಕೋರ್ಟು? ಪರಿಶೀಲನೆಗೆ ಸಾಧನವೇನೋ ಇದೆ. ಫ.ಗು. ಹಳಕಟ್ಟಿಯವರು ವಚನಗಳ ಓಲೆಗರಿ ಹುಡುಕಿ ಅಲೆದ ಕಾಲದಿಂದ ಬೆಳೆದ ಸಂಗ್ರಹ 15 ಸಮಗ್ರ ಸಂಪುಟಗಳಾಯಿತು. ಈಗ ‘ವಚನ ಸಂಚಯ’ ಜಾಲತಾಣದಲ್ಲಿ 20,000ಕ್ಕೂ ಹೆಚ್ಚು ವಚನಗಳನ್ನು ಪದ ಹಿಡಿದು ಹುಡುಕಬಹುದು. ಅನುಭಾವ ಮೊಬೈಲಿನಿಂದ ಬರುವುದಿಲ್ಲ, ಬಾಯಿಪಾಠವೇ ಭದ್ರ ಎಂಬ ಆಕ್ಷೇಪ ಪೊಳ್ಳಲ್ಲ. ಆದರೆ ಹುಮನಾಬಾದ್ ಪಕ್ಕದ ಮಾಣಿಕನಗರದಂಥ ಕಡೆ ವೇದ ಕಲಿಯುವ ವಟು ಒಂದೇ ಮಂತ್ರವನ್ನು ಪದ, ಕ್ರಮ, ಜಟೆ, ಘನವೆಂದು ಹಿಂದುಮುಂದಾಗಿ ಹೇಳುವುದೂ ಅಕ್ಷರ ತಪ್ಪದಿರಲೆಂದೇ. ತಾಳೆ ನೋಡುವುದು ಪರಂಪರೆಗೆ ಹೊರಗಿನದಲ್ಲ. ಕಂಪ್ಯೂಟರ್ ಪಾಠದಲ್ಲಿ ಯೂಟ್ಯೂಬ್ ಚಾನೆಲ್ ನಡೆಸುವುದನ್ನು ಯಾರೂ ಕಲಿಸಬೇಕಿಲ್ಲ, ಹುಡುಗರು ತಾವೇ ಕಲಿಯುತ್ತಾರೆ. ಕಲಿಸಬೇಕಾದದ್ದು, ವೇದಿಕೆ ಹತ್ತುವ ಮುನ್ನ ಈ ಸಾಲು ಯಾವ ಸಂಪುಟದ್ದೆಂದು ನೋಡುವ, ಸಿಗದಿದ್ದರೆ ಬಿಟ್ಟುಬಿಡುವ ಅಭ್ಯಾಸವನ್ನು.