ಸಾಬೀತಿನ ಹೊರೆ ಯಾರ ತಲೆಗೆ?

ಕರಾವಳಿಯ ಅಡಿಕೆ ತೋಟಗಳಲ್ಲಿ ಮಳೆಗಾಲ ಬಂತೆಂದರೆ ‘ಮದ್ದು ಬಿಡುವ’ ಕೆಲಸ ಶುರು. ಬಯಲುಸೀಮೆಯಲ್ಲಾದರೆ ಹತ್ತಿಗೆ, ದ್ರಾಕ್ಷಿಗೆ ‘ಔಷಧಿ ಹೊಡೆಯುತ್ತಾರೆ’. ಕೀಟನಾಶಕ ಎಂಬ ಪುಸ್ತಕದ ಮಾತು ಹೊಲದಲ್ಲಿ ಓಡುವುದಿಲ್ಲ. ಜ್ವರ ಬಂದ ಮಗುವಿಗೆ ಕುಡಿಸುವುದಕ್ಕೂ ಅದೇ ಹೆಸರು, ಹುಳ ಕೊಲ್ಲುವುದಕ್ಕೂ ಅದೇ ಹೆಸರು. ಗಿಡಕ್ಕೆ ಹಿತವಾದದ್ದು ನಮಗೇನು ಮಾಡೀತು ಎಂಬ ನಂಬಿಕೆ ಆ ಮಾತಿನೊಳಗೆ ಕೂತಿದೆ. ಕಾಸರಗೋಡಿನ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರ್ ಬಂದಾಗ ಮಕ್ಕಳು ಅದನ್ನು ನೋಡಲು ಅಂಗಳಕ್ಕೆ ಓಡಿಬರುತ್ತಿದ್ದರು. ತಡೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಆ ಹೆಲಿಕಾಪ್ಟರ್ ಚೆಲ್ಲುತ್ತಿದ್ದುದು ಎಂಡೋಸಲ್ಫಾನ್. ಗೇರಿನ ಚಿಗುರು, ಹೂವಿನ ರಸ ಹೀರುವ ಟೀ ಸೊಳ್ಳೆಯನ್ನು ಕೊಲ್ಲಲು ಕೇರಳದ ಪ್ಲಾಂಟೇಶನ್ ಕಾರ್ಪೊರೇಶನ್ 1970ರ ದಶಕದ ಕೊನೆಯಿಂದ 2000ದವರೆಗೆ ಅದನ್ನು ಆಕಾಶದಿಂದ ಸಿಂಪಡಿಸಿತು. ಗೇರು ಬೆಳೆದದ್ದು ಗುಡ್ಡದ ನೆತ್ತಿಯಲ್ಲಿ. ಮನೆ, ಶಾಲೆ, ಬಾವಿ, ತೋಡುಗಳೆಲ್ಲ ಕೆಳಗೆ ಕಣಿವೆಯಲ್ಲಿ. ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ನೀರು ತರುವ ಊರುಗಳವು. ಸಿಂಪಡಿಸುವಾಗ ಬಾವಿ ಮುಚ್ಚಿಕೊಳ್ಳಿ ಎನ್ನಬಹುದು. ಗುಡ್ಡವನ್ನೇ ಮುಚ್ಚುವುದು ಹೇಗೆ?

ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ, ವಾಣಿನಗರಗಳಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ದನಗಳು. ಅಂಗವಿಕಲ ಕರುಗಳು ಹುಟ್ಟುತ್ತಿರುವುದನ್ನು ಕೃಷಿ ಪತ್ರಕರ್ತ ಶ್ರೀ ಪಡ್ರೆಯವರು 1980ರ ದಶಕದ ಆರಂಭದಲ್ಲೇ ಬರೆದರು. ಊರಿನ ವೈದ್ಯ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮ ಬಳಿ ಬರುವವರಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಹುಟ್ಟು ಊನ, ಕ್ಯಾನ್ಸರ್ ಲೆಕ್ಕಕ್ಕೆ ಮೀರಿ ಕಾಣುತ್ತಿರುವುದನ್ನು ಗುರುತಿಸಿ ವೈದ್ಯಕೀಯ ಪತ್ರಿಕೆಗೆ ಬರೆದರು. ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರಿಯಲ್ಲಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮೂವರಿಗೂ ಸಿಕ್ಕ ಉತ್ತರದ ಧಾಟಿ ಒಂದೇ: ಎಂಡೋಸಲ್ಫಾನಿನಿಂದಲೇ ಹೀಗಾಯಿತು ಎನ್ನುವುದಕ್ಕೆ ಪುರಾವೆ ಎಲ್ಲಿ?

ಈ ಪ್ರಶ್ನೆ ತಪ್ಪಲ್ಲ. ವಿಜ್ಞಾನ ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಉತ್ತರ ಸಿಗುವ ತನಕ ಸಿಂಪಡಣೆ ನಡೆಯುತ್ತಿರಬೇಕೋ ನಿಂತಿರಬೇಕೋ ಎಂಬುದು ಬೇರೆಯೇ ಪ್ರಶ್ನೆ. ಅದನ್ನು ತೀರ್ಮಾನಿಸಬೇಕಾದದ್ದು ಪ್ರಯೋಗಾಲಯವಲ್ಲ, ನಾವು. ಎರಡನ್ನೂ ಒಂದೇ ಎಂಬಂತೆ ಕಲಸಿಬಿಟ್ಟದ್ದರಿಂದಲೇ ಈ ಊರುಗಳು ಇಪ್ಪತ್ತು ವರ್ಷ ಕಳೆದುಕೊಂಡವು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಪುರಾವೆ ತರುವುದು ಎಷ್ಟು ಕಷ್ಟವೆಂದು ಒಂದು ಸಣ್ಣ ಲೆಕ್ಕ ಹಾಕಿ ನೋಡಬಹುದು. ಸಾವಿರ ಹೆರಿಗೆಗೆ ಒಂದರಂತೆ ಸಹಜವಾಗಿಯೇ ಬರುವ ಒಂದು ಊನವಿದೆ ಎಂದುಕೊಳ್ಳಿ. ವರ್ಷಕ್ಕೆ 50 ಮಕ್ಕಳು ಹುಟ್ಟುವ ಊರಿನಲ್ಲಿ 20 ವರ್ಷಕ್ಕೆ ಅಂಥ ಮಗು ಒಂದು. ವಿಷದಿಂದ ಆ ಊನ ಇಮ್ಮಡಿಯಾಯಿತು ಎನ್ನಿ, ಆಗ ಮಕ್ಕಳು ಎರಡು. ಒಂದಕ್ಕೂ ಎರಡಕ್ಕೂ ಇರುವ ಅಂತರ ಆಕಸ್ಮಿಕವಿರಬಹುದು ಎಂದು ಸಂಖ್ಯಾಶಾಸ್ತ್ರ ಹೇಳುತ್ತದೆ. ಅದು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಎರಡನೆಯ ಮಗುವಿನ ತಾಯಿಗೆ ಆ ಮಗುವೇ ಪೂರ್ತಿ ಲೆಕ್ಕ. ಊರು ಚಿಕ್ಕದಾದಷ್ಟೂ ಪುರಾವೆ ದುರ್ಬಲವಾಗುತ್ತದೆ, ಆಕಾಶದಿಂದ ಬಿದ್ದ ವಿಷ ಮಾತ್ರ ಊರಿನ ಗಾತ್ರ ನೋಡಿ ಕಡಿಮೆಯಾಗುವುದಿಲ್ಲ.

ಅತಿಯಾದರೆ ಅಮೃತವೂ ವಿಷ ಎಂಬ ಗಾದೆ ನಮ್ಮಲ್ಲಿದೆ. ಅಲ್ಪವಾದರೆ ವಿಷವೂ ನಿರಪಾಯ ಎಂದು ಅದನ್ನೇ ತಿರುಗಿಸಿ ಓದುವವರಿದ್ದಾರೆ. ಎಷ್ಟೋ ವಸ್ತುಗಳ ವಿಷಯದಲ್ಲಿ ಇದು ನಿಜವೂ ಹೌದು. ಆದರೆ ದೇಹಕ್ಕೆ ಪ್ರಮಾಣದಷ್ಟೇ ಹೊತ್ತೂ ಮುಖ್ಯ. ಬಸುರಿಯ ಹೊಟ್ಟೆಯಲ್ಲಿ ಕೈಕಾಲು ಮೂಡುವ, ಮಿದುಳು ಕಟ್ಟಿಕೊಳ್ಳುವ ಕೆಲವೇ ವಾರಗಳಲ್ಲಿ ತಾಯಿಗೆ ಏನೂ ಮಾಡದಷ್ಟು ಪ್ರಮಾಣ ಮಗುವಿಗೆ ಜೀವಮಾನದ ಹಾನಿ ಮಾಡಬಲ್ಲದು. ಗರ್ಭಿಣಿಯರಿಗೆ ಕೊಟ್ಟ ಥ್ಯಾಲಿಡೊಮೈಡ್ ಮಾತ್ರೆ ಇದನ್ನು 1960ರ ದಶಕದ ಆರಂಭದಲ್ಲೇ ಜಗತ್ತಿಗೆ ತೋರಿಸಿತ್ತು. ಎಂಡೋಸಲ್ಫಾನ್ ಕೆಲಸ ಮಾಡುವ ಬಗೆಯೂ ಗೊತ್ತಿಲ್ಲದ್ದೇನಲ್ಲ. ನರಗಳ ಉದ್ರೇಕವನ್ನು ತಣಿಸುವ ಗಾಬಾ ಎಂಬ ರಾಸಾಯನಿಕ ನರಕೋಶದಲ್ಲಿ ಒಂದು ಬಾಗಿಲು ತೆರೆಯುತ್ತದೆ. ಎಂಡೋಸಲ್ಫಾನ್ ಆ ಬಾಗಿಲನ್ನು ಅಡ್ಡಗಟ್ಟುತ್ತದೆ. ತಣಿಯಲಾರದ ನರಗಳು ಸೆಟೆದು ಹುಳ ಸಾಯುತ್ತದೆ. ಮನುಷ್ಯನ ನರದಲ್ಲೂ ಅಂಥದೇ ಬಾಗಿಲಿದೆ. ಹಾರ್ಮೋನುಗಳ ವ್ಯವಹಾರದಲ್ಲೂ ಎಂಡೋಸಲ್ಫಾನ್ ತಲೆಹಾಕುತ್ತದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯವರು ಪಡ್ರೆಯ 117 ಹುಡುಗರನ್ನೂ ಸಿಂಪಡಣೆ ಇಲ್ಲದ ಊರಿನ 90 ಹುಡುಗರನ್ನೂ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಪಡ್ರೆಯ ಹುಡುಗರು ಪ್ರಾಯಕ್ಕೆ ಬರುವುದು ತಡವಾಗುತ್ತಿತ್ತು, ಸಿಂಪಡಣೆ ನಿಂತು ತಿಂಗಳುಗಳಾದರೂ ಅವರ ರಕ್ತದಲ್ಲಿ ಎಂಡೋಸಲ್ಫಾನ್ ಇತ್ತು.

ಆಮೇಲೂ ಸಮಿತಿಗಳು ಬಂದವು. ಸಂಬಂಧ ಸಾಬೀತಾಗಿಲ್ಲ ಎಂದವೂ ಅವುಗಳಲ್ಲಿದ್ದವು. ಇಂಥದೇ ಊನಕ್ಕೆ ಎಂಡೋಸಲ್ಫಾನೇ ಕಾರಣವೆಂದು ಒಂದೊಂದು ಮಗುವಿನ ಹೆಸರಿನ ಮುಂದೆ ಬರೆದುಕೊಡಲು ಇವತ್ತಿಗೂ ಆಗುವುದಿಲ್ಲ. ಅಷ್ಟನ್ನು ಪ್ರಾಮಾಣಿಕವಾಗಿ ಒಪ್ಪಬೇಕು. ಆದರೆ ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿಕೊಟ್ಟವರಲ್ಲಿ ಒಬ್ಬರಾದ ಆಸ್ಟಿನ್ ಬ್ರಾಡ್‌ಫರ್ಡ್ ಹಿಲ್ 1965ರಲ್ಲೇ ಇದಕ್ಕೊಂದು ದಾರಿ ಹೇಳಿದ್ದರು. ಎಷ್ಟು ಪುರಾವೆ ಸಾಕು ಎಂಬುದು ಏನು ಮಾಡಹೊರಟಿದ್ದೇವೆ ಎಂಬುದರ ಮೇಲಿದೆ. ಗರ್ಭಿಣಿಯರ ವಾಂತಿಗೆ ಕೊಡುವ ಮಾತ್ರೆಯನ್ನು ತಡೆಯಲು ಅಲ್ಪ ಪುರಾವೆ ಸಾಕು. ಜನರ ಮನೆಯ ಉರುವಲನ್ನೇ ಬದಲಿಸಿ ಎನ್ನಲು ಗಟ್ಟಿ ಪುರಾವೆ ಬೇಕು. ನಿಲ್ಲಿಸಿದರೆ ಯಾರಿಗೆ ಎಷ್ಟು ನಷ್ಟ, ನಿಲ್ಲಿಸದಿದ್ದರೆ ಯಾರಿಗೆ ಎಷ್ಟು ಎಂದು ತೂಗಬೇಕು.

ಹೀಗೆ ಹೆದರುತ್ತಾ ಕೂತರೆ ಎಲ್ಲವನ್ನೂ ನಿಷೇಧಿಸಬೇಕಾದೀತು ಎನ್ನುವವರಿಗೆ ಉತ್ತರವೂ ಈ ತೂಕದಲ್ಲೇ ಇದೆ. ಮಲೇರಿಯಾ ಕಾಡುವ ಕಡೆ ಮನೆಯೊಳಗೆ ಡಿಡಿಟಿ ಸಿಂಪಡಿಸುವುದಕ್ಕೆ, ಬೇಗ ಅಳಿಯದ ವಿಷಗಳನ್ನು ತಡೆಯುವ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದವೇ ಅವಕಾಶ ಉಳಿಸಿದೆ, ಅಲ್ಲಿ ತಕ್ಕಡಿಯ ಎರಡೂ ಬದಿಯಲ್ಲಿರುವುದು ಜೀವ. ಪಡ್ರೆಯಲ್ಲಿ ಒಂದು ಬದಿಗೆ ಗೇರುಬೀಜ, ಇನ್ನೊಂದು ಬದಿಗೆ ಮಕ್ಕಳು.

ಜಪಾನಿನ ಮಿನಮಾಟದ ಕಥೆಯೂ ಇದೇ. ರಾಸಾಯನಿಕ ಕಾರ್ಖಾನೆಯಿದ್ದ ಆ ಊರಿನಲ್ಲಿ ನರಗಳನ್ನು ಕೆಡಿಸುವ ರೋಗವೊಂದು 1956ರಲ್ಲಿ ವರದಿಯಾಯಿತು. ಕಾರ್ಖಾನೆಯದೇ ಆಸ್ಪತ್ರೆಯ ವೈದ್ಯ ಹೊಸೊಕಾವಾ 1959ರಲ್ಲಿ ಕಾರ್ಖಾನೆಯ ಕೊಳೆನೀರನ್ನು ಬೆಕ್ಕಿಗೆ ತಿನ್ನಿಸಿ ಅದೇ ರೋಗ ಬಂದದ್ದನ್ನು ಕಂಡರು. ಆ ಫಲಿತಾಂಶ ಹೊರಬರಲಿಲ್ಲ. ಕೊಳೆನೀರಿನಲ್ಲಿದ್ದ ಪಾದರಸವೇ ಕಾರಣವೆಂದು ಸರ್ಕಾರ ಒಪ್ಪಿದ್ದು 1968ರಲ್ಲಿ, ಅಷ್ಟು ವರ್ಷವೂ ಕೊಳೆನೀರು ಸಮುದ್ರ ಸೇರುತ್ತಿತ್ತು. ಸಂಶಯದ ಲಾಭವನ್ನು ಆರೋಪಿಗೆ ಕೊಡಬೇಕೆನ್ನುವುದು ಮನುಷ್ಯರ ವಿಚಾರಣೆಗೆ ಕಟ್ಟಿಕೊಂಡ ನ್ಯಾಯ. ರಾಸಾಯನಿಕಕ್ಕೆ ಆ ಹಕ್ಕನ್ನು ಕೊಟ್ಟವರು ಯಾರು? ಮಾರುವವನೂ ಚೆಲ್ಲುವವನೂ ಮೊದಲು ನಿರಪಾಯವೆಂದು ತೋರಿಸಲಿ. ಹಾಸಿಗೆ ಹಿಡಿದ ಮಗುವನ್ನು ಹೊತ್ತುಕೊಂಡು ತಾಯಿ ಪುರಾವೆ ಹುಡುಕುತ್ತಾ ತಿರುಗುವಂತಾಗಬಾರದು.

2011ರ ಏಪ್ರಿಲ್‌ನಲ್ಲಿ ಎಂಡೋಸಲ್ಫಾನ್ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಸೇರಿತು. ಮೇ 13ರಂದು ಸುಪ್ರೀಂ ಕೋರ್ಟ್ ದೇಶದಲ್ಲಿ ಅದರ ತಯಾರಿಕೆ, ಮಾರಾಟ, ಬಳಕೆ ತಡೆಯಿತು. 2017ರ ಜನವರಿಯಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡುವಂತೆ ಕೇರಳ ಸರ್ಕಾರಕ್ಕೆ ಹೇಳಿತು. ಗಡಿಯ ಈಚೆ, ದಕ್ಷಿಣ ಕನ್ನಡದ ಕೊಕ್ಕಡ, ನಿಡ್ಲೆ, ಪಟ್ರಮೆಗಳ ಗೇರು ತೋಪುಗಳ ಮೇಲೂ ಅದೇ ಹೆಲಿಕಾಪ್ಟರು, ಅದೇ ಮದ್ದು. ಅಲ್ಲಿ ಮಾಸಾಶನ ಬಂತು, ಹಗಲು ಪಾಲನಾ ಕೇಂದ್ರಗಳು ಬಂದವು. ಅಂದು ಹುಟ್ಟಿದ ಮಕ್ಕಳಿಗೆ ಈಗ ಮೂವತ್ತು, ನಲವತ್ತರ ವಯಸ್ಸು. ಅವರಲ್ಲಿ ಕೆಲವರಿಗೆ ಇಂದಿಗೂ ತಾಯಿಯೇ ಸ್ನಾನ ಮಾಡಿಸಬೇಕು, ತುತ್ತು ಇಡಬೇಕು, ಮಗ್ಗುಲು ಬದಲಿಸಬೇಕು. ಆ ತಾಯಂದಿರಿಗೆ ಎಪ್ಪತ್ತು ಸಮೀಪಿಸುತ್ತಿದೆ. ತಮ್ಮ ನಂತರ ಇವರನ್ನು ನೋಡಿಕೊಳ್ಳುವವರು ಯಾರು ಎಂಬುದು ಅವರ ಈಗಿನ ಪ್ರಶ್ನೆ. ಅದಕ್ಕೆ ಯಾವ ಪುರಾವೆಯೂ ಬೇಕಿಲ್ಲ, ಊರಿನಲ್ಲೇ ಒಂದು ಶಾಶ್ವತ ಆರೈಕೆಯ ಮನೆ ಬೇಕು.