ಕಟ್ಟಿದ ಮೇಲಿನ ವಿದ್ಯೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕಟ್ಟಿದ್ದನ್ನು ನಡೆಸಿ ನೋಡು ಎಂದು ಅವರು ಸೇರಿಸಲಿಲ್ಲ. ಆ ಮನೆಗಳಿಗೆ ಕಿಟಕಿ ಮತ್ತು ಬೆಳಕಿಂಡಿಗಳೇ ಸಾಕಾಗಿದ್ದವು. ಇಂದಿನ ಗಾಜಿನ ಮಹಡಿಗಳಲ್ಲಾದರೋ ತಂಪು, ಗಾಳಿ, ನೀರು, ದೀಪ, ಲಿಫ್ಟು, ಅಗ್ನಿರಕ್ಷಣೆ ಎಲ್ಲವೂ ಯಂತ್ರಾಧೀನ. ಕಟ್ಟುವ ಕೆಲಸ ಮೂರು ನಾಲ್ಕು ವರ್ಷಗಳಲ್ಲಿ ಮುಗಿಯುತ್ತದೆ. ನಡೆಸುವ ಕೆಲಸ ಕಟ್ಟಡ ನಿಂತಿರುವವರೆಗೂ ಮುಗಿಯದು.

ಈ ನಡೆಸುವ ಕೆಲಸವೇ ಈಗ ಸ್ಮಾರ್ಟ್ ಕಟ್ಟಡಗಳು ಮತ್ತು ಸೌಕರ್ಯ ನಿರ್ವಹಣೆ ಎಂಬ ಹೆಸರಿನಲ್ಲಿ ಸ್ನಾತಕೋತ್ತರ ವ್ಯಾಸಂಗದ ವಿಷಯವಾಗಿದೆ. 2018ರಲ್ಲಿ ಇದಕ್ಕೆ ಐ.ಎಸ್.ಓ. 41001 ಎಂಬ ಅಂತರರಾಷ್ಟ್ರೀಯ ಮಾನಕವೂ ಹೊರಬಂದಿತು. ಇದು ಕಸಗುಡಿಸುವವರ ಮೇಸ್ತ್ರಿಕೆ ಎಂದು ಮೂಗು ಮುರಿಯುವವರು ಇನ್ನೂ ಇದ್ದಾರೆ. ಆ ಮಾತನ್ನು ನಾವು ಒಪ್ಪುವುದಿಲ್ಲ.

ಹವಾನಿಯಂತ್ರಣದ ಫ್ಯಾನಿನ ವೇಗವನ್ನು ನೂರರಿಂದ ಎಂಬತ್ತಕ್ಕೆ ಇಳಿಸಿದರೆ ವಿದ್ಯುತ್ತು ಐದನೆಯ ಒಂದು ಪಾಲು ಉಳಿದೀತೆಂದು ಊಹಿಸುವುದು ಸಹಜ. ಉಳಿಯುವುದು ಹೆಚ್ಚುಕಡಮೆ ಅರ್ಧ. ಏಕೆಂದರೆ ಫ್ಯಾನು ಬೇಡುವ ಶಕ್ತಿ ವೇಗದ ಘನದಂತೆ ಏರಿಳಿಯುತ್ತದೆ. ಆದರೆ ಎಷ್ಟು ಇಳಿಸಬಹುದು? ಇನ್ನೂರು ಜನರ ಸಭಾಂಗಣದಲ್ಲಿ ಇಪ್ಪತ್ತೇ ಮಂದಿ ಇರುವುದನ್ನು ಗೋಡೆಯ ಸಂವೇದಕವು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನ ಪ್ರಮಾಣದಿಂದ ಅಂದಾಜು ಮಾಡಿ ತಿಳಿಸುತ್ತದೆ. ಆ ಸಂವೇದಕ ಕೆಟ್ಟು ಸುಳ್ಳು ಹೇಳಿದರೆ ಯಂತ್ರಗಳೆಲ್ಲ ಸುಳ್ಳನ್ನೇ ನಂಬುತ್ತವೆ. ಅದನ್ನು ಹಿಡಿಯಲು ಬಲ್ಲ ಮನುಷ್ಯ ಬೇಕು.

ಹೈದರಾಬಾದಿನ ಪೋಚಾರಂನಲ್ಲಿರುವ ಇನ್ಫೋಸಿಸ್ ಆವರಣದ, 2011ರಲ್ಲಿ ಬಳಕೆಗೆ ಬಂದ ಕಟ್ಟಡವೊಂದನ್ನು ಎರಡು ಸಮಭಾಗಗಳಾಗಿ ಯೋಜಿಸಲಾಗಿತ್ತು. ಒಂದರಲ್ಲಿ ವಾಡಿಕೆಯ ಹವಾನಿಯಂತ್ರಣ. ಇನ್ನೊಂದರಲ್ಲಿ ಚಪ್ಪಡಿಯೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸುವ ಏರ್ಪಾಡು. ಅಳೆದು ನೋಡಿದಾಗ ಎರಡನೆಯದರಲ್ಲಿ ತಂಪಿಗೆ ತಗುಲಿದ ವಿದ್ಯುತ್ತು ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಅಳೆಯುವ ಶಿಸ್ತು ಇಲ್ಲದಿದ್ದರೆ ಇದು ಬರಿಯ ಬಾಯಿಮಾತಾಗುತ್ತಿತ್ತು.

ಇನ್ನು, ಹೊಲವನ್ನು ಅಡವಿಟ್ಟು ಮಕ್ಕಳನ್ನು ಈ ಓದಿಗೆ ಪರದೇಶಕ್ಕೆ ಕಳುಹಿಸಬೇಕೇ? ಹೊಸೂರಿನಿಂದ ಜತ್ತದವರೆಗಿನ ನಮ್ಮ ಮನೆಗಳಲ್ಲಿ ಏಳಬಹುದಾದ ಪ್ರಶ್ನೆಯಿದು. ಪದವಿ ಮುಗಿದೊಡನೆ ಬೇಡ ಎಂಬುದೇ ನಮ್ಮ ಸಲಹೆ. 2002ರಲ್ಲಿ ಸ್ಥಾಪನೆಯಾದ ಕೇಂದ್ರದ ಇಂಧನ ದಕ್ಷತಾ ಬ್ಯೂರೋ ನಡೆಸುವ ಇಂಧನ ವ್ಯವಸ್ಥಾಪಕರ ಪರೀಕ್ಷೆಗೆ ಪದವೀಧರ ಎಂಜಿನಿಯರು ಮೂರು ವರ್ಷ ಸಂಬಂಧಪಟ್ಟ ಕೆಲಸ ಮಾಡಿರಬೇಕು. ಸ್ನಾತಕೋತ್ತರ ಎಂಜಿನಿಯರಿಗೆ ಎರಡು ವರ್ಷ, ಡಿಪ್ಲೊಮಾದವರಿಗೆ ಆರು. ಅಂದರೆ ಇಲ್ಲಿ ಉನ್ನತ ಪದವಿ ಉಳಿಸಿಕೊಡುವುದು ಒಂದೇ ವರ್ಷ. ಹೈದರಾಬಾದು, ಪುಣೆ, ಬೆಂಗಳೂರುಗಳಲ್ಲಿ ಮೊದಲು ಚಿಲ್ಲರು, ಪಂಪು, ಮೀಟರುಗಳ ನಡುವೆ ಕೈ ಪಳಗಲಿ. ಆಮೇಲೂ ಓದುವ ಹಂಬಲ ಉಳಿದಿದ್ದರೆ, ಶುಲ್ಕ ಕಟ್ಟುವ ಮೊದಲು ವಿಶ್ವವಿದ್ಯಾಲಯಕ್ಕೆ ಒಂದು ಕಾಗದ ಬರೆದು ಕೇಳಲಿ: ನಡೆಯುತ್ತಿರುವ ಯಾವುದಾದರೂ ಕಟ್ಟಡದ ಇಡೀ ವರ್ಷದ ಅಳತೆಗಳನ್ನು ವಿದ್ಯಾರ್ಥಿಯ ಕೈಗೆ ಕೊಡುತ್ತೀರಾ?